ಡಮಾಮಿಯ ಸದ್ದು ಕೇಳಿದ ಹುಡುಗ
ಆಫ್ರಿಕಾದ ಮಕ್ಕಳು ತೆರೆಯ ಮೇಲೆ ಪ್ರಾಯಕ್ಕೆ ಬಂದ ಬಗೆ

1934ರ ಮಾರ್ಚ್ 3ರಂದು ‘ಸತಿ ಸುಲೋಚನ’ ತೆರೆಕಂಡಾಗ ಕನ್ನಡದ ಬೆಳ್ಳಿತೆರೆಗೆ ಮಾತು ಬಂತು. ಆ ಮಾತಿಗೆ 90 ವರ್ಷ ತುಂಬಿದ 2024ರಲ್ಲಿ, ಗೋವಾದಲ್ಲಿ ನಡೆದ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ‘ರಿದಂ ಆಫ್ ದಮ್ಮಾಮ್’ ಎಂಬ ಚಿತ್ರ ಪ್ರದರ್ಶನಗೊಂಡಿತು. ಇದರ ಕಥೆ ನಡೆಯುವುದು ಉತ್ತರ ಕನ್ನಡದ ಕಾಡಿನಂಚಿನಲ್ಲಿ. ಕಥಾನಾಯಕ 12 ವರ್ಷದ ಸಿದ್ದಿ ಹುಡುಗ ಜಯರಾಮ. ಪಾತ್ರಗಳು ಸಿದ್ದಿ ಕೊಂಕಣಿ ಮತ್ತು ಕನ್ನಡದಲ್ಲಿ ಮಾತನಾಡುತ್ತವೆ. ಮುಖ್ಯ ಪಾತ್ರಗಳಲ್ಲಿ ಸಿದ್ದಿ ಸಮುದಾಯದವರೇ ಅಭಿನಯಿಸಿದ್ದಾರೆ. ನಿರ್ದೇಶಕ ಮಾತ್ರ ಹೊರಗಿನವರು: ಕೇರಳದಲ್ಲಿ ಹುಟ್ಟಿ ಅಮೆರಿಕದ ನ್ಯೂಯಾರ್ಕಿನಲ್ಲಿ ನೆಲೆಸಿರುವ ಜಯನ್ ಚೆರಿಯನ್.

ಚಿತ್ರದ ಹೆಸರಿನಲ್ಲಿರುವ ದಮ್ಮಾಮ್ ಎಂದರೆ ಸಿದ್ದಿಗಳ ಚರ್ಮವಾದ್ಯ. ನಮ್ಮ ಪತ್ರಿಕೆಗಳು ಅದನ್ನು ಡಮಾಮಿ ಎಂದು ಬರೆಯುತ್ತವೆ. ರಾಜ್ಯೋತ್ಸವದ ಮೆರವಣಿಗೆಗಳಲ್ಲಿ ಡಮಾಮಿ ಕುಣಿತವನ್ನು ನೋಡಿದವರು ಬಹಳ ಮಂದಿ ಇದ್ದಾರೆ. ಆದರೆ ಆ ವಾದ್ಯ ಬಾರಿಸುವವನ ಮನೆಯಲ್ಲಿ ಒಬ್ಬ ಹುಡುಗ ಹೇಗೆ ದೊಡ್ಡವನಾಗುತ್ತಾನೆ, ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡಾಗ ಅವನಿಗೆ ಯಾವ ಪ್ರಶ್ನೆ ಏಳುತ್ತದೆ ಎಂದು ಕೇಳಿದವರು ವಿರಳ. ಈ ಪ್ರಶ್ನೆ ಸಿದ್ದಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆಫ್ರಿಕಾದ ಮತ್ತು ಆಫ್ರಿಕಾದಿಂದ ಚದುರಿಹೋದ ಜನಾಂಗಗಳ ಸಿನಿಮಾ 60 ವರ್ಷಗಳಿಂದ ಇದನ್ನೇ ಕೇಳುತ್ತಾ ಬಂದಿದೆ.

ಹಬ್ಶಿಗಳ ಕರ್ನಾಟಕ

ಆಫ್ರಿಕಾ ಮತ್ತು ಕರ್ನಾಟಕದ ನಂಟು ಹಳೆಯದು. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಪ್ರಯಾಣಿಸಿ ಮಂಗಳೂರನ್ನೂ ಕಂಡ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಹಡಗುಗಳಿಗೆ ಕಡಲ್ಗಳ್ಳರಿಂದ ರಕ್ಷಣೆ ಕೊಡುತ್ತಿದ್ದ ಹಬ್ಶಿ ಯೋಧರನ್ನು ಪ್ರಸ್ತಾಪಿಸುತ್ತಾನೆ. ಹಬ್ಶಿ ಎಂದರೆ ಅಬಿಸೀನಿಯದವರು, ಈಗಿನ ಇಥಿಯೋಪಿಯ ಕಡೆಯವರು. ಬೀದರಿನ ಹಬ್ಶಿ ಕೋಟೆ ಎಂಬ ಸ್ಥಳನಾಮ ಇಂದಿಗೂ ಉಳಿದಿದೆ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಮಂತ್ರಿಪದವಿಗೇರಿದ್ದ. ಮುಹಮ್ಮದ್ ಆದಿಲ್ ಶಾಹನೊಂದಿಗೆ ಆತ ಆನೆಯ ಮೇಲೆ ಕುಳಿತಿರುವ 17ನೇ ಶತಮಾನದ ಚಿತ್ರವೊಂದು ಕಲಾಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಇವರೆಲ್ಲರಿಗಿಂತ ದೊಡ್ಡ ಹೆಸರು ಮಲಿಕ್ ಅಂಬರ್. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿದ ಈತನ ಬಾಲ್ಯದ ಹೆಸರು ಚಾಪು. ಬಾಲ್ಯದಲ್ಲೇ ಮಾರಾಟವಾದ, ಯಮನ್, ಬಗ್ದಾದ್‌ಗಳ ಸಂತೆಗಳಲ್ಲಿ ಕೈಯಿಂದ ಕೈಗೆ ದಾಟಿ ದಖ್ಖನಿಗೆ ಬಂದ. ಕೊಂಡವನು ಅಹ್ಮದ್‌ನಗರದ ಪೇಶ್ವೆ ಚಂಗೀಝ್ ಖಾನ್; ಅವನೂ ಹಬ್ಶಿಯೇ. ಮುಂದೆ ಬಿಜಾಪುರದಲ್ಲೂ ಕೆಲಕಾಲ ಸೇವೆ ಸಲ್ಲಿಸಿದ ಅಂಬರ್, ಅಹ್ಮದ್‌ನಗರದ ಆಡಳಿತ ಸೂತ್ರ ಹಿಡಿದು ಅಕ್ಬರ್ ಮತ್ತು ಜಹಾಂಗೀರರ ಸೈನ್ಯಗಳನ್ನು ತಡೆದು ನಿಲ್ಲಿಸಿದ. 1626ರಲ್ಲಿ ತೀರಿಕೊಂಡ.

ಸಿದ್ದಿಗಳೆಲ್ಲ ಮಂತ್ರಿಗಳಾಗಲಿಲ್ಲ. 1510ರಲ್ಲಿ ಗೋವಾವನ್ನು ವಶಪಡಿಸಿಕೊಂಡ ಪೋರ್ಚುಗೀಸರು ಮೊಝಾಂಬಿಕ್ ಮುಂತಾದ ಕಡೆಗಳಿಂದ ಗುಲಾಮರನ್ನು ಹಡಗುಗಳಲ್ಲಿ ತಂದರು. ಅವರಲ್ಲಿ ತಪ್ಪಿಸಿಕೊಂಡವರು ಮತ್ತು ಬಿಡುಗಡೆ ಹೊಂದಿದವರು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ ಸುತ್ತ ಬಾಳುತ್ತಿರುವ ಸಿದ್ದಿಗಳಲ್ಲಿ ಬಹುಪಾಲು ಜನರ ಮೂಲ ಇದೇ ಎಂದು ಇತಿಹಾಸಕಾರರು ಹೇಳುತ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಗುಲಾಮಗಿರಿಯ ಪಾಪವನ್ನು ಪೋರ್ಚುಗೀಸರ ತಲೆಗೆ ಮಾತ್ರ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಚಾಪುವನ್ನು ಮಾರಿದ ಸಂತೆಗಳು ಮುಸ್ಲಿಮರ ನಾಡಿನಲ್ಲೇ ಇದ್ದವು. ಗುಲಾಮರ ವಿಮೋಚನೆಯನ್ನು ಪುಣ್ಯಕಾರ್ಯವೆಂದು ಕಲಿಸಿದ ಧರ್ಮದ ಅನುಯಾಯಿಗಳೇ ಮಕ್ಕಳನ್ನು ತೂಕ ಹಾಕಿ ಕೊಂಡರು. ಮಲಿಕ್ ಅಂಬರನ ಶೌರ್ಯದ ಬಗ್ಗೆ ಹೆಮ್ಮೆಪಡುವವರು ಚಾಪುವಿನ ಕಣ್ಣೀರಿನ ಲೆಕ್ಕವನ್ನೂ ಒಪ್ಪಿಕೊಳ್ಳಬೇಕು.

ಕ್ಯಾಮೆರಾ ಯಾರ ಕೈಯಲ್ಲಿತ್ತು?

ಹಡಗಿನಲ್ಲಿ ಸಾಗಿಸಲ್ಪಟ್ಟ ಮಗುವಿನ ಕತೆಯನ್ನು ಬರೆದಿಡುವವರು ಇರಲಿಲ್ಲ. ಮಾರಿದವರ ಲೆಕ್ಕಪುಸ್ತಕದಲ್ಲಿ ಅದು ಒಂದು ಅಂಕಿ. ತಾಯ್ನಾಡಿನಲ್ಲಿ ಉಳಿದವರ ಕತೆಯೂ ಬೇರೆಯಲ್ಲ. ಪಶ್ಚಿಮ ಆಫ್ರಿಕಾದ ಬಹುಭಾಗವನ್ನು ಆಳುತ್ತಿದ್ದ ಫ್ರಾನ್ಸ್ 1934ರಲ್ಲಿ, ಅಂದರೆ ಕನ್ನಡಕ್ಕೆ ವಾಕ್ಚಿತ್ರ ಬಂದ ವರ್ಷವೇ, ತನ್ನ ಆಫ್ರಿಕನ್ ವಸಾಹತುಗಳಲ್ಲಿ ಸರಕಾರದ ಅನುಮತಿಯಿಲ್ಲದೆ ಚಿತ್ರೀಕರಣ ಮಾಡಬಾರದೆಂದು ಆಜ್ಞೆ ಹೊರಡಿಸಿತು. ಆಫ್ರಿಕನ್ನರ ಕೈಗೆ ಕ್ಯಾಮೆರಾ ಸಿಗದಂತೆ ಮಾಡುವುದೇ ಇದರ ಪರಿಣಾಮವಾಯಿತು. ಪಾಲಿನ್ ವಿಯೆರಾ ಮತ್ತು ಗೆಳೆಯರು 1955ರಲ್ಲಿ ತಮ್ಮ ಮೊದಲ ಚಿತ್ರವನ್ನು ಪ್ಯಾರಿಸಿನ ಬೀದಿಗಳಲ್ಲಿ ತೆಗೆಯಬೇಕಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಕ್ಯಾಮೆರಾ ಹಿಡಿದವರಲ್ಲಿ ಮೊದಲಿಗರು ಸೆನೆಗಲ್‌ನ ಉಸ್ಮಾನ್ ಸೆಂಬೆನ್. 1923ರಲ್ಲಿ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿದ ಇವರು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಹಮಾಲಿಯಾಗಿದ್ದವರು. ಕಾದಂಬರಿಕಾರರಾಗಿ ಹೆಸರು ಮಾಡಿದ ಮೇಲೆ, ತನ್ನ ನಾಡಿನ ಬಹುಪಾಲು ಜನರಿಗೆ ಓದಲು ಬಾರದು ಎಂಬುದನ್ನು ಮನಗಂಡು, ನಡುವಯಸ್ಸಿನಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತರು. ಸಿನಿಮಾ ಎಂದರೆ ಅವರ ಪಾಲಿಗೆ ಜನರ ರಾತ್ರಿ ಶಾಲೆ. 1966ರ ಅವರ ಚಿತ್ರದಲ್ಲಿ ದಿಯೋನಾ ಎಂಬ ಯುವತಿ ಕನಸು ಹೊತ್ತು ಡಕಾರ್‌ನಿಂದ ಫ್ರಾನ್ಸಿಗೆ ಹೋಗುತ್ತಾಳೆ. ಮಕ್ಕಳನ್ನು ನೋಡಿಕೊಳ್ಳಲೆಂದು ಕರೆದೊಯ್ದ ಮನೆಯವರು ಅವಳನ್ನು ಮನೆಗೆಲಸದ ತೊತ್ತನ್ನಾಗಿ ಮಾಡುತ್ತಾರೆ. ಅವಳ ಬದುಕು ಆ ಮನೆಯ ಸ್ನಾನದ ಕೋಣೆಯಲ್ಲಿ ಮುಗಿಯುತ್ತದೆ. ದೂರದ ನಾಡಿಗೆ ಮನೆಗೆಲಸಕ್ಕೆ ಹೋದವರ ಪಾಡನ್ನು ಕೇಳಿ ಬಲ್ಲ ನಮ್ಮ ಕರಾವಳಿಯವರಿಗೆ ಈ ಕತೆ ಅಪರಿಚಿತವಲ್ಲ.

1969ರಲ್ಲಿ ಬುರ್ಕಿನಾ ಫಾಸೊದ ರಾಜಧಾನಿ ಊಗಾದೂಗುವಿನಲ್ಲಿ ಆಫ್ರಿಕನ್ ಚಿತ್ರೋತ್ಸವ ಆರಂಭವಾಯಿತು. ಅಲ್ಲಿಂದ ಮುಂದೆ ಆಫ್ರಿಕಾದ ಚಿತ್ರಗಳಲ್ಲಿ ಮಗು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಯುರೋಪು, ಅಮೆರಿಕದ ಇಂಥ ಅನೇಕ ಚಿತ್ರಗಳಲ್ಲಿ ಹುಡುಗ ಮನೆ ಬಿಟ್ಟು ಹೊರಟಾಗ, ಹಿರಿಯರನ್ನು ಧಿಕ್ಕರಿಸಿದಾಗ ದೊಡ್ಡವನಾಗುತ್ತಾನೆ. ಆಫ್ರಿಕಾದ ಮುಖ್ಯ ಚಿತ್ರಗಳಲ್ಲಿ ದಾರಿ ಬೇರೆ. ಅಲ್ಲಿ ಹಿರಿಯರ ನೆನಪು ತನ್ನ ಕೈಗೆ ಬಂದ ದಿನ ಮಗು ಪ್ರಾಯಕ್ಕೆ ಬರುತ್ತದೆ. ನೆನಪನ್ನೇ ಕಸಿದುಕೊಂಡಿದ್ದ ಜನಾಂಗಕ್ಕೆ ಇದು ಸಹಜವೇ ಆಗಿದೆ.

ಅಜ್ಜ, ಕಥೆಗಾರ, ಕಾಣೆಯಾದ ತಂದೆ

ಮೂರು ಚಿತ್ರಗಳನ್ನು ನೋಡೋಣ.

ಮೊದಲನೆಯದು ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನದು. ಕರಿಯ ಮಹಿಳೆ ಯೂಝಾನ್ ಪಾಲ್ಸಿ 1983ರಲ್ಲಿ ನಿರ್ದೇಶಿಸಿದ ‘ಶುಗರ್ ಕೇನ್ ಆ್ಯಲಿ’ ಜೋಸೆಫ್ ಝೊಬೆಲ್‌ರ 1950ರ ಕಾದಂಬರಿಯನ್ನು ಆಧರಿಸಿದೆ. ಕಾಲ 1930ರ ದಶಕ. ಜೋಸೆ ಎಂಬ ಅನಾಥ ಹುಡುಗನನ್ನು ಕಬ್ಬಿನ ಗದ್ದೆಯಲ್ಲಿ ದುಡಿಯುವ ಅಜ್ಜಿ ಸಾಕುತ್ತಾಳೆ. ತನ್ನ ಮೊಮ್ಮಗ ಮಾತ್ರ ಕಬ್ಬು ಕಡಿಯಬಾರದು, ಓದಬೇಕು ಎಂಬುದು ಅವಳ ಹಠ. ಸಂಜೆ ಹೊತ್ತು ಮೆಡೂಸ್ ಎಂಬ ಮುದುಕ ಹುಡುಗನಿಗೆ ಆಫ್ರಿಕಾದ ಕತೆ ಹೇಳುತ್ತಾನೆ, ಒಗಟು ಕೇಳುತ್ತಾನೆ. ಫ್ರೆಂಚರು 1848ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದರು; ಆದರೆ ಭೂಮಿ ಹಳೆಯ ಧಣಿಗಳಲ್ಲೇ ಉಳಿಯಿತು, ಬಿಡುಗಡೆ ಹೊಂದಿದವರು ಅದೇ ಗದ್ದೆಗೆ ಕೂಲಿಗಳಾಗಿ ಮರಳಿದರು ಎಂಬ ಇತಿಹಾಸವನ್ನು ಜೋಸೆ ಕಲಿಯುವುದು ಶಾಲೆಯಲ್ಲಲ್ಲ, ಈ ಮುದುಕನ ಬಾಯಿಯಿಂದ. ಮುದುಕ ಕಬ್ಬಿನ ಗದ್ದೆಯಲ್ಲೇ ಸತ್ತು ಬಿದ್ದಿರುತ್ತಾನೆ. ಹುಡುಗ ವಿದ್ಯಾರ್ಥಿವೇತನ ಪಡೆದು ಪಟ್ಟಣದ ಶಾಲೆ ಸೇರುತ್ತಾನೆ. ವೆನಿಸ್ ಚಿತ್ರೋತ್ಸವ ಈ ಚಿತ್ರಕ್ಕೆ ಬೆಳ್ಳಿ ಸಿಂಹ ಪ್ರಶಸ್ತಿಯನ್ನು, ಅಜ್ಜಿಯ ಪಾತ್ರ ಮಾಡಿದ ಡಾರ್ಲಿಂಗ್ ಲೆಜಿಟಿಮಸ್‌ಗೆ ಶ್ರೇಷ್ಠ ನಟಿ ಪ್ರಶಸ್ತಿಯನ್ನು ಕೊಟ್ಟಿತು.

ಎರಡನೆಯದು ಬುರ್ಕಿನಾ ಫಾಸೊದ ಡಾನಿ ಕುಯಾಟೆ 1995ರಲ್ಲಿ ತೆಗೆದ ‘ಕೆಯ್ಟಾ’. ಪಶ್ಚಿಮ ಆಫ್ರಿಕಾದಲ್ಲಿ ವಂಶಾವಳಿ, ರಾಜಚರಿತ್ರೆಗಳನ್ನು ನೆನಪಿನಲ್ಲಿಟ್ಟು ಹೇಳುವ ಕುಲದ ಕಥೆಗಾರರಿದ್ದಾರೆ. ಅಂಥ ಮುದುಕನೊಬ್ಬ ಹಳ್ಳಿಯಿಂದ ಪೇಟೆಗೆ ಬಂದು ಮಾಬೊ ಕೆಯ್ಟಾ ಎಂಬ ಹುಡುಗನಿಗೆ ಅವನ ಹೆಸರಿನ ಅರ್ಥ ಹೇಳತೊಡಗುತ್ತಾನೆ. 13ನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾತ ಕೆಯ್ಟಾನ ವಂಶದವನು ನೀನು ಎನ್ನುತ್ತಾನೆ. ಹುಡುಗನಿಗೆ ಹುಚ್ಚು ಹಿಡಿಯುತ್ತದೆ, ಶಾಲೆ ತಪ್ಪುತ್ತದೆ. ಮಾಸ್ತರರಿಗೂ ತಾಯಿಗೂ ಸಿಟ್ಟು. ಮುದುಕ ಕತೆ ಮುಗಿಸದೆ ಹೊರಟುಹೋಗುತ್ತಾನೆ. ಶಾಲೆ ಬೇಡ ಎಂದು ಚಿತ್ರ ಹೇಳುವುದಿಲ್ಲ. ಶಾಲೆಯಲ್ಲಿ ನಿನ್ನ ಹೆಸರಿಗೆ ಅರ್ಥವಿಲ್ಲದಿದ್ದರೆ ನೀನು ಅಲ್ಲಿ ಯಾರು ಎಂದಷ್ಟೇ ಕೇಳುತ್ತದೆ.

ಮೂರನೆಯದು ಚಾಡ್ ದೇಶದ ಮುಹಮ್ಮದ್ ಸಾಲಿಹ್ ಹಾರೂನ್ ಅವರ 2002ರ ‘ಅಬೂನಾ’. ಹೆಸರಿನ ಅರ್ಥ ‘ನಮ್ಮ ತಂದೆ’. ತಾಹಿರ್ ಮತ್ತು ಅಮೀನ್ ಎಂಬ ಸಹೋದರರು ಒಂದು ಬೆಳಗ್ಗೆ ಎದ್ದಾಗ ತಂದೆ ಕಾಣೆಯಾಗಿರುತ್ತಾನೆ. ಸಿನಿಮಾ ಮಂದಿರದಲ್ಲಿ ತೆರೆಯ ಮೇಲೆ ಕಂಡವನು ತಂದೆಯೇ ಎಂದು ನಂಬಿ ಹುಡುಗರು ಚಿತ್ರದ ಸುರುಳಿಯನ್ನೇ ಕದಿಯುತ್ತಾರೆ. ದಿಕ್ಕುಕಾಣದ ತಾಯಿ ಅವರನ್ನು ದೂರದ ಕುರ್‌ಆನ್ ಪಾಠಶಾಲೆಗೆ ಸೇರಿಸುತ್ತಾಳೆ. ಅಲ್ಲಿ ಅಕ್ಷರದ ಜೊತೆ ಬೆತ್ತವೂ ಇದೆ. ಕಿರಿಯವನು ಉಬ್ಬಸದಿಂದ ತೀರಿಕೊಳ್ಳುತ್ತಾನೆ. ನೆನಪನ್ನು ದಾಟಿಸಬೇಕಾದ ಹಿರಿಯನೇ ಇಲ್ಲವಾದಾಗ ಮಕ್ಕಳ ಗತಿಯೇನು ಎಂಬುದು ಇಲ್ಲಿನ ಪ್ರಶ್ನೆ. ಗಲ್ಫಿಗೆ ಹೋದ ತಂದೆಯ ಮುಖವನ್ನು ಫೋಟೊದಲ್ಲಿ ನೋಡಿ ಬೆಳೆದ ಮಕ್ಕಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ!

ಹಿರಿಯರ ಮಾತೆಲ್ಲವೂ ಆಸ್ತಿಯಲ್ಲ ಎಂಬುದನ್ನೂ ಈ ಸಿನಿಮಾಗಳು ಬಲ್ಲವು. ಸೆಂಬೆನ್‌ರ ಕೊನೆಯ ಚಿತ್ರ ‘ಮೂಲಾದೆ’ (2004) ಹೆಣ್ಣುಮಕ್ಕಳ ಅಂಗಚ್ಛೇದನದ ವಿರುದ್ಧ ಎದ್ದು ನಿಂತ ಕಥೆ. ನಾಲ್ವರು ಬಾಲಕಿಯರು ಕೊಲ್ಲೆ ಎಂಬ ತಾಯಿಯ ಅಂಗಳಕ್ಕೆ ಓಡಿಬಂದು ಆಶ್ರಯ ಕೇಳುತ್ತಾರೆ. ಊರ ಗಂಡಸರು ಹೆಂಗಸರ ರೇಡಿಯೋಗಳನ್ನು ಕಸಿದು ಮಸೀದಿಯ ಮುಂದೆ ಸುಡುತ್ತಾರೆ. ಈ ಪದ್ಧತಿಯನ್ನು ಇಸ್ಲಾಮ್ ಕಡ್ಡಾಯಗೊಳಿಸಿಲ್ಲ ಎಂಬ ಮಾತೂ ಚಿತ್ರದೊಳಗೇ ಕೇಳಿಬರುತ್ತದೆ. ಸುಡಾನಿನ ಅಮ್ಜದ್ ಅಬುಲ್ ಅಲಾ ಅವರ ‘ಯು ವಿಲ್ ಡೈ ಅಟ್ ಟ್ವೆಂಟಿ’ (2019) ಇನ್ನೊಂದು ಉದಾಹರಣೆ. ಈ ಮಗು 20ನೇ ವಯಸ್ಸಿಗೆ ಸಾಯುತ್ತದೆ ಎಂದು ಸೂಫಿ ಗುರುವಿನ ಸನ್ನಿಧಿಯಲ್ಲಿ ಭವಿಷ್ಯ ನುಡಿಯಲಾಗುತ್ತದೆ. ತಾಯಿ ಅಂದಿನಿಂದಲೇ ಶೋಕವಸ್ತ್ರ ಧರಿಸುತ್ತಾಳೆ. ಮುಝಮ್ಮಿಲ್ ಕುರ್‌ಆನ್ ಕಂಠಪಾಠ ಮಾಡುತ್ತಾನೆ, ಆದರೆ ಬದುಕಲು ಕಲಿಯುವುದಿಲ್ಲ. ಪರವೂರು ಸುತ್ತಿ ಬಂದ ಮುದುಕನೊಬ್ಬ ಹಳೆಯ ಪ್ರೊಜೆಕ್ಟರಿನಲ್ಲಿ ಅವನಿಗೆ ಜಗತ್ತನ್ನು ತೋರಿಸುತ್ತಾನೆ. ಒಂದು ಪರಂಪರೆಯ ಹಿರಿಯ ಹೆಗಲ ಮೇಲೆ ಹೊರಿಸಿದ ಭಾರವನ್ನು ಇನ್ನೊಬ್ಬ ಹಿರಿಯ ಇಳಿಸಬೇಕಾಗುತ್ತದೆ.

ದುಡಿ ಮತ್ತು ಡಮಾಮಿ

ಮಾರ್ಟಿನಿಕ್‌ನ ಕಬ್ಬಿನ ಗದ್ದೆ ನಮಗೆ ದೂರವೆನಿಸಬಹುದು. ಆದರೆ ಯಲ್ಲಾಪುರದ ಅಡಿಕೆ ತೋಟ ದೂರವಲ್ಲ. ನಮ್ಮ ಸವಣೂರಿನ (ನವಾಬರ ಸವಣೂರಲ್ಲ, ಪುತ್ತೂರು ಸೀಮೆಯ ಸವಣೂರು) ಜನರಿಗೆ ಅಡಿಕೆ ತೋಟದ ಕೆಲಸವೆಂದರೇನು, ಧಣಿಯ ಸಾಲವೆಂದರೇನು ಎಂದು ವಿವರಿಸಬೇಕಾಗಿಲ್ಲ. ಸಿದ್ದಿಗಳ ಹಲವು ತಲೆಮಾರುಗಳು ಇಂಥದೇ ತೋಟಗಳಲ್ಲಿ ಇಂಥದೇ ಸಾಲದಲ್ಲಿ ಸವೆದವು.

ತೋಟದ ಕೂಲಿ, ಧಣಿಯ ಸಾಲ, ಮೈಮರೆಸುವ ಒಂದು ವಾದ್ಯ: ಈ ಮೂರನ್ನೂ ಕನ್ನಡಕ್ಕೆ ಮೊದಲು ಕಾಣಿಸಿದ್ದು ಪುತ್ತೂರೇ. ಹಲವು ದಶಕ ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಬಿ.ವಿ. ಕಾರಂತರು 1975ರಲ್ಲಿ ಅದನ್ನು ಚಿತ್ರವಾಗಿಸಿದಾಗ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಸ್ವರ್ಣಕಮಲ ದೊರೆಯಿತು. ಚೋಮನಿಗೆ ಬೇಕಿದ್ದುದು ಉಳಲು ಒಂದು ತುಂಡು ನೆಲ. ಅದು ಸಿಗಲಿಲ್ಲ, ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪಿದರು, ದುಡಿಯ ಸದ್ದು ನಿಂತಾಗ ಅವನ ಉಸಿರೂ ನಿಂತಿತ್ತು. ಅಲ್ಲಿ ದುಡಿಯನ್ನು ಎತ್ತಿಕೊಳ್ಳುವ ಮೊಮ್ಮಗನಿರಲಿಲ್ಲ. ‘ರಿದಂ ಆಫ್ ದಮ್ಮಾಮ್’ ಶುರುವಾಗುವುದು ಆ ಜಾಗದಿಂದ: ಅಜ್ಜ ಸತ್ತಿದ್ದಾನೆ, ವಾದ್ಯ ಇದೆ, ಮೊಮ್ಮಗನಿದ್ದಾನೆ.

ಸಿದ್ದಿಗಳು ರಂಗದ ಮೇಲೆ ಮೊದಲೇ ಬಂದಿದ್ದರು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳೊಂದಿಗೆ ನಾಟಕ ಕಟ್ಟಿತು. ಚಿದಂಬರರಾವ್ ಜಂಬೆಯವರು ಅಲ್ಲಿ ಆಡಿಸಿದ್ದು ನೈಜೀರಿಯದ ಚಿನುವಾ ಅಚೆಬೆಯ 1958ರ ಪ್ರಸಿದ್ಧ ಕಾದಂಬರಿಯ ರೂಪಾಂತರ. ತಂದೆಯ ಲೋಕ ಕುಸಿಯುವುದನ್ನು ಮಗ ನೋಡುವ ಆಫ್ರಿಕಾದ ಆ ಕತೆಯನ್ನು, ಆಫ್ರಿಕಾದ ನೆನಪು ಮಸುಕಾಗಿದ್ದ ಜನ ಕನ್ನಡದಲ್ಲಿ ಆಡಿದರು. ಮುಂದೆ ಗಿರಿಜಾ ಸಿದ್ದಿ, ಗೀತಾ ಸಿದ್ದಿ, ಪ್ರಶಾಂತ್ ಸಿದ್ದಿಯಂಥ ಕಲಾವಿದರು ನೀನಾಸಂನ ನಂಟಿನಿಂದಲೇ ಬೆಳೆದು ಬಂದರು.

ಇತರ ದಾರಿಗಳು ಅಷ್ಟು ನೇರವಾಗಿರಲಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳ ತರಬೇತಿಗೆ ಕರೆದೊಯ್ದಿತು. 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತಾಗ ಹಲವು ಹುಡುಗ ಹುಡುಗಿಯರ ಕನಸೂ ಅರ್ಧಕ್ಕೇ ನಿಂತಿತು. ಆ ಮಕ್ಕಳ ದೇಹಬಲ ಬೇಕಿತ್ತು. ಅವರ ಬದುಕಿನ ಹೊಣೆ ಯಾರಿಗೂ ಬೇಕಿರಲಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬೆಳಗಾವಿ ಮತ್ತು ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ತೆರೆಯ ಮೇಲೆ ಏನಾಗಿತ್ತು? 1983ರ ಹಿಂದಿ ಚಿತ್ರ ‘ರಝಿಯಾ ಸುಲ್ತಾನ್’ನಲ್ಲಿ ಹಬ್ಶಿ ಯಾಕೂತನ ಪಾತ್ರಕ್ಕೆ ಧರ್ಮೇಂದ್ರ ಮೈಗೆ ಕಪ್ಪು ಬಳಿದುಕೊಂಡು ನಿಂತರು. ನಾಡಿನಲ್ಲಿ ಹಬ್ಶಿಗಳಿರಲಿಲ್ಲವೇ? 2021ರ ಕನ್ನಡ ಚಿತ್ರ ‘ಸಲಗ’ದಲ್ಲಿ ಸಿದ್ದಿ ಗಾಯಕಿಯರ ಹಾಡು ಮನೆಮಾತಾಯಿತು. ಹಾಡನ್ನು ಹಾಡಿಕೊಂಡವರು ಹಾಡಿದವರ ಊರು ಯಾವುದೆಂದು ಕೇಳಲಿಲ್ಲ.

ಹೀಗೆ ನೋಡಿದಾಗ ಜಯರಾಮನ ಕತೆಯ ಬೆಲೆ ತಿಳಿಯುತ್ತದೆ. ಚಿತ್ರದಲ್ಲಿ ತಂದೆಗೆ ಹಿರಿಯರು ಬಿಟ್ಟುಹೋದ ನಿಧಿಯ ಆಸೆ. ಮಗನಿಗೆ ಸಿಗುವುದು ಬೇರೆಯೇ ನಿಧಿ: ಅಜ್ಜನ ಆತ್ಮದ ಮೂಲಕ, ಕನಸಿನಲ್ಲಿ, ಗುಲಾಮಗಿರಿಯ ನೆನಪು. ಮನೆಯವರು ಅವನನ್ನು ಉಳಿಸಿಕೊಳ್ಳಲು ಸಂಪ್ರದಾಯದ ವಿಧಿಗಳ ಮೊರೆ ಹೋಗುತ್ತಾರೆ. ಆತ್ಮಗಳ ಕುರಿತ ಈ ನಂಬಿಕೆಯನ್ನು ಓದುಗರು ಒಪ್ಪಬೇಕಾಗಿಲ್ಲ. ಆದರೆ ಬರೆದಿಟ್ಟ ಚರಿತ್ರೆಯಿಲ್ಲದ ಜನರಲ್ಲಿ ನೆನಪು ಬೇರಾವ ದಾರಿಯಲ್ಲಿ ಬರಬೇಕು? ಮೆಡೂಸ್ ಕತೆ ಹೇಳಿದ, ಕೆಯ್ಟಾನ ಮನೆಗೆ ಕಥೆಗಾರ ಬಂದ, ಇಲ್ಲಿ ಡಮಾಮಿ ಬಾರಿಸುತ್ತದೆ.

ಈ ಆಸ್ತಿ ಯಾರದು?

ಸಿದ್ದಿ ಹುಡುಗ ತನ್ನ ಇತಿಹಾಸ ಕಲಿತರೆ ಅರ್ಧ ಕೆಲಸವಷ್ಟೇ ಆಯಿತು. ಅವನ ಪಕ್ಕದ ಬೆಂಚಿನ ಹುಡುಗನೂ ಅದನ್ನು ಕಲಿಯದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ನೋಡಿದ್ದೇವೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಆ ಸಿಟ್ಟಿಗೆ ಗುಂಪೊಂದು ಹಲ್ಲೆ ಮಾಡಿದ್ದು ಅದಕ್ಕೆ ಸಂಬಂಧವೇ ಇಲ್ಲದ ತಾಂಝಾನಿಯದ ವಿದ್ಯಾರ್ಥಿನಿಯ ಮೇಲೆ. ಬಣ್ಣ ಒಂದೇ ಆಗಿದ್ದುದೇ ಅವಳ ಅಪರಾಧ. ತಲೆತಲಾಂತರದಿಂದ ಕನ್ನಡ ನೆಲದಲ್ಲಿ ಬಾಳಿದ ಸಿದ್ದಿಗಳಿಗೂ ‘ನೀವು ಯಾವ ದೇಶದವರು?’ ಎಂಬ ಪ್ರಶ್ನೆ ತಪ್ಪಿಲ್ಲ.

ಮುಸ್ಲಿಮರಾದ ನಮಗೆ ಇದರಲ್ಲಿ ಹೆಚ್ಚಿನ ಹೊಣೆಯಿದೆ. ಮಕ್ಕಾದ ಕಿರುಕುಳ ತಾಳಲಾರದೆ ಹೊರಟ ಮೊದಲ ವಿಶ್ವಾಸಿಗಳಿಗೆ ಆಶ್ರಯ ಕೊಟ್ಟವನು ಅಬಿಸೀನಿಯದ ದೊರೆ. ಗುಲಾಮರಾಗಿದ್ದ ಹಝ್ರತ್ ಬಿಲಾಲ್(ರ) ಕಅಬಾದ ಮೇಲೇರಿ ಅದಾನ್ ಕೊಟ್ಟರು. ಕರಿಯನಿಗಿಂತ ಬಿಳಿಯನು, ಬಿಳಿಯನಿಗಿಂತ ಕರಿಯನು ಮೇಲಲ್ಲ, ಧರ್ಮನಿಷ್ಠೆಯೊಂದೇ ಹಿರಿಮೆ ಎಂಬುದು ಪ್ರವಾದಿ(ಸ)ಯವರ ವಿದಾಯ ಸಂದೇಶದ ಸಾರ. 1976ರ ‘ದಿ ಮೆಸೇಜ್’ ಚಿತ್ರದಲ್ಲಿ ಬಿಲಾಲ್‌ರ ಪಾತ್ರವನ್ನು ಸೆನೆಗಲ್ ಮೂಲದ ಜಾನಿ ಸೆಕ್ಕಾ ಮಾಡಿದ್ದನ್ನು ನೋಡಿ ಮೆಚ್ಚಿದವರು ನಮ್ಮಲ್ಲಿದ್ದಾರೆ. ಅದೇ ಮನೆಗಳಲ್ಲಿ ಹೆಣ್ಣು ನೋಡುವಾಗ ಬಣ್ಣ ಕೇಳುತ್ತಾರೆ. ‘ಹಬ್ಶಿ’ ಎಂಬುದು ಬೈಗುಳವಾಗಿ ಬಳಕೆಯಾಗುತ್ತದೆ. ಬಿಲಾಲ್ ಎಂದು ಮಗನಿಗೆ ಹೆಸರಿಟ್ಟು ಹಬ್ಶಿ ಎಂದು ಇನ್ನೊಬ್ಬನನ್ನು ಬೈಯುವ ನಾಲಗೆ ನಮ್ಮದೇ.

ಹಳಿಯಾಳ, ಮುಂಡಗೋಡದ ಸಿದ್ದಿ ಮುಸ್ಲಿಮರ ಬಗ್ಗೆ ನಮ್ಮ ಮದ್ರಸಗಳ ಮಕ್ಕಳಿಗೆ ಎಷ್ಟು ಗೊತ್ತು? ಬಿಜಾಪುರದ ಗೋಲಗುಂಬಜ್ ನೋಡಲು ಶಾಲೆಯ ಪ್ರವಾಸ ಹೋಗುತ್ತದೆ. ಅಲ್ಲಿ ಮಲಗಿರುವ ಸುಲ್ತಾನನ ಜೊತೆ ಆನೆ ಏರಿದ ಹಬ್ಶಿಯ ಹೆಸರನ್ನು ಯಾರು ಹೇಳಿಕೊಡುತ್ತಾರೆ? ಪುತ್ತೂರು, ಸುಳ್ಯ, ಕಡಬದ ಶಾಲೆಗಳಲ್ಲಿ, ಯುವಕ ಸಂಘಗಳಲ್ಲಿ ಜೋಸೆಯ, ಮಾಬೊವಿನ, ಜಯರಾಮನ ಚಿತ್ರಗಳನ್ನು ವರ್ಷಕ್ಕೊಂದಾದರೂ ತೋರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ತೋರಿಸಿದ ಮೇಲೆ ಸಿದ್ದಿ ಕಲಾವಿದರನ್ನೇ ಕರೆಸಿ, ಈ ಸಲ ಕುಣಿಸದೆ, ಕೂರಿಸಿ ಮಾತನಾಡಿಸಬೇಕು.

ಬಾಲಕ ಚಾಪು ಸಂತೆಯಲ್ಲಿ ನಿಂತಾಗ ಅವನ ಹೆಸರನ್ನು ಕೇಳಿ ಬರೆದುಕೊಂಡವರಿರಲಿಲ್ಲ. ಇಂದು ಯಲ್ಲಾಪುರದ ಕಾಡಿನಂಚಿನ ಹುಡುಗ ತನ್ನ ಹೆಸರು ಹೇಳುತ್ತಿದ್ದಾನೆ, ಅದೂ ನಮಗೆ ಅರ್ಥವಾಗುವ ಭಾಷೆಯಲ್ಲಿ. ಕೇಳಿಸಿಕೊಳ್ಳುವ ಕೆಲಸ ನಮ್ಮ ಪಾಲಿನದು.